ಕೇಸಿಂಗ್ ಎಷ್ಟು ಅಡಿ ಇಳಿಯಿತು?

ಬೋರ್ ಕೊರೆಸಿದವರನ್ನು ಊರವರು ಕೇಳೋದು ಎರಡೇ ಮಾತು. ಎಷ್ಟು ಅಡಿ ಹೋಯ್ತು? ಎಷ್ಟು ಇಂಚು ನೀರು ಬಂತು? ಮೂರನೆಯ ಪ್ರಶ್ನೆ ಒಂದಿದೆ, ಅದನ್ನು ಕೇಳುವವರು ಕಡಿಮೆ. ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು? ನಮ್ಮ ಪಾವಗಡ, ಮಧುಗಿರಿ ಕಡೆಯ ಒಣಭೂಮಿ ರೈತರಿಗೆ ಬೇಕಾದ ಲೆಕ್ಕ ಇರೋದು ಈ ಮೂರನೆಯದರಲ್ಲೇ. ಅದು ತಿಳೀಬೇಕಾದರೆ ಮೊದಲು ಕಾಲ ಕೆಳಗಿನ ಕಲ್ಲಿನ ವಿಚಾರ ತಿಳೀಬೇಕು.

ಬಹಳ ಹಳೇ ಕಲ್ಲು

ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ನೋಡಿರಬಹುದು. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ದಕ್ಷಿಣ ಕರ್ನಾಟಕದ ಬಹುಭಾಗದ ತಳಪಾಯ ಇದೇ ಜಾತಿಯ ಕಲ್ಲು, ಭೂವಿಜ್ಞಾನಿಗಳು ಇದನ್ನು ನೈಸ್ ಅಂತಾರೆ. ಇದನ್ನು ಸೀಳಿಕೊಂಡು ಸುಮಾರು 250 ಕೋಟಿ ವರ್ಷದ ಹಿಂದೆ ಕೆಳಗಿನಿಂದ ಕಾದ ಕಲ್ಲಿನ ರಸ ಎದ್ದು ಬಂತು, ನೆಲದೊಳಗೇ ನಿಧಾನವಾಗಿ ಆರಿ ಗಟ್ಟಿಯಾಯಿತು. ಅದೇ ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೇ ಹೆಸರು. ರಾಮನಗರದಿಂದ ಮಧುಗಿರಿ, ಪಾವಗಡದ ಮೇಲೆ ಉತ್ತರಕ್ಕೆ ಹೋಗುವ ಬೆಟ್ಟಸಾಲೆಲ್ಲ ಇದರದ್ದು. ಗುಲಾಬಿ ಬಣ್ಣದ ದೊಡ್ಡ ಹರಳುಗಳನ್ನು ನೋಡಿ ಗುರುತು ಹಿಡೀಬಹುದು.

ಇಂಥ ಕಲ್ಲು ಮರಳಿನ ಹಾಗೆ ನೀರು ಕುಡಿಯೋದಿಲ್ಲ. ಹರಳಿಗೆ ಹರಳು ಬೆಸೆದುಕೊಂಡಿರುತ್ತೆ. ಒಡೆಯದ ಬಂಡೆ ನೂರು ಕೊಡ ಗಾತ್ರ ಇದ್ದರೆ ಅದರಲ್ಲಿ ಒಂದು ಕೊಡ ನೀರಿಗೂ ಜಾಗ ಇರೋದಿಲ್ಲ. ಹಾಗಾದರೆ ನಮ್ಮ ಅಜ್ಜಂದಿರ ಬಾವಿಗೆ ನೀರು ಎಲ್ಲಿಂದ ಬರ್ತಿತ್ತು?

ಕೊಳೆತ ಕಲ್ಲೇ ನೀರಿನ ಗುಡಾಣ

ಹಳೇ ಬಾವಿಯ ಗೋಡೆಯನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ. ನಮ್ಮ ಬಾವಿ 45 ಅಡಿ. ಮೇಲೆ ಮೂರಡಿ ಕೆಂಪು ಮಣ್ಣು. ಅದರ ಕೆಳಗೆ ಗರಸು. ಆಮೇಲೆ ಕಲ್ಲಿನ ಹಾಗೇ ಕಾಣುತ್ತೆ, ಆದರೆ ಹಾರೆ ಹಾಕಿದರೆ ಉದುರುತ್ತೆ. ನಡುವೆ ಅಲ್ಲಲ್ಲಿ ದುಂಡು ಗುಂಡುಗಳು, ಸುತ್ತ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಟ್ಟಿರುತ್ತವೆ. ತಳದಲ್ಲಿ ಗಟ್ಟಿ ಬಂಡೆ.

ಇದೆಲ್ಲಾ ಮೊದಲು ಒಂದೇ ಕಲ್ಲು. ಮಳೆ ನೀರು ಇಳಿದು ಇಳಿದು ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಅನ್ನೋ ಹರಳು ಜೇಡಿಯಾಯಿತು, ಕಾಗೆಬಂಗಾರ ಸಡಿಲವಾಯಿತು, ಬೆಣಚು ಕರಗದೆ ಮರಳಾಗಿ ಉಳಿಯಿತು. ಈ ಕೊಳೆತ ಕಲ್ಲಿನ ಸಂದಿಯಲ್ಲೇ ನಮ್ಮ ನೀರು ಇರೋದು. ಇಲ್ಲೂ ಧಾರಾಳ ಇಲ್ಲ. ನೂರು ಕೊಡ ಗಾತ್ರದ ಕೊಳೆತ ಕಲ್ಲಿನಿಂದ ನಮ್ಮ ಕೈಗೆ ಬರೋ ನೀರು ಎರಡು ಮೂರು ಕೊಡ ಮಾತ್ರ.

ಕೇಸಿಂಗ್ ಪೈಪನ್ನು ಉದುರುವ ಪದರ ಮುಗಿದು ಗಟ್ಟಿ ಕಲ್ಲು ಸಿಗೋವರೆಗೆ ಇಳಿಸ್ತಾರೆ. ಅಂದಮೇಲೆ ಕೇಸಿಂಗ್ 20 ಅಡಿಗೇ ನಿಂತರೆ ನಿಮ್ಮ ಗುಡಾಣ ಸಣ್ಣದು. 80 ಅಡಿ ಇಳಿದರೆ ದೊಡ್ಡದು. ಗುಡಾಣ ದೊಡ್ಡದಾದ ಮಾತ್ರಕ್ಕೆ ಅದರಲ್ಲಿ ನೀರು ಇದೆ ಅಂತಲ್ಲ, ತುಂಬಿದರೆ ಹಿಡಿಯುತ್ತೆ ಅಂತ ಅರ್ಥ.

ಬಿರುಕು ಅಂದರೆ ಬರೀ ಪೈಪು

ಗಟ್ಟಿ ಬಂಡೆಯಲ್ಲೂ ಬೋರಿಗೆ ನೀರು ಸಿಗುತ್ತಲ್ಲ ಅಂತ ಕೇಳಬಹುದು. ಸಿಗುತ್ತೆ, ಬಿರುಕಿನಲ್ಲಿ. ಕೊರೆಯುವವರು ಗ್ಯಾಪ್ ಅನ್ನೋದು ಇದನ್ನೇ. ಈ ಗ್ರಾನೈಟ್ ಆರಿದ್ದು ನೆಲದ ಆಳದಲ್ಲಿ. ಮೇಲಿನ ಹೊರೆಯೆಲ್ಲಾ ಕೋಟ್ಯಂತರ ವರ್ಷ ಸವೆದು ಹೋದ ಮೇಲೆ ಬಂಡೆ ಹಗುರಾಗಿ ಪದರ ಪದರವಾಗಿ ಬಿರಿಯಿತು. ಕಲ್ಲು ಒಡೆಯುವವರು ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವಾಗ ಹೀಗೇ ಪದರ ಏಳೋದನ್ನು ನೋಡಿದ್ದೇವೆ.

ಆದರೆ ಕೆಳಗೆ ಹೋದಷ್ಟೂ ಭಾರಕ್ಕೆ ಬಿರುಕುಗಳು ಬಿಗಿದುಕೊಳ್ಳುತ್ತವೆ, ವಿರಳವಾಗುತ್ತವೆ. ಸಾವಿರ ಅಡಿ ಹತ್ತಿರ ನೀರು ಸಿಕ್ಕ ಉದಾಹರಣೆಗಳೂ ಇವೆ. ಅದನ್ನೇ ಪಾತಾಳಗಂಗೆ ಅಂತ ನಂಬಿ ಸಾಲ ಮಾಡೋರು ಬಹಳ ಜನ. ಕೆಳಗೆ ಹೊಳೆ ಹರೀತಾ ಇಲ್ಲ. ಬಿರುಕು ಬರೀ ಪೈಪು. ಅದಕ್ಕೆ ನೀರು ಬರಬೇಕಾದ್ದು ಮೇಲಿನ ಕೊಳೆತ ಕಲ್ಲಿನಿಂದಲೇ. ಮೇಲಿನ ಗುಡಾಣ ಒಣಗಿದ್ದರೆ, ಆಳದ ಬಿರುಕಿನಲ್ಲಿ ನಿಂತ ಹಳೇ ನೀರು ಮುಗಿಯೋವರೆಗೆ ಮೋಟಾರು ಓಡುತ್ತೆ, ಅಷ್ಟೇ.

ಪಕ್ಕದ ಹೊಲದ ಬೋರಿಗೆ ನೀರಿದ್ದು ನಮ್ಮದಕ್ಕೆ ಇಲ್ಲದಿರೋದಕ್ಕೂ ಇದೇ ಕಾರಣ. ಅವರ ಬೋರು ಬಿರುಕಿಗೆ ಸಿಕ್ಕಿರುತ್ತೆ, ಹತ್ತು ಮಾರು ಆಚೆಗೆ ನಮ್ಮದು ತಪ್ಪಿರುತ್ತೆ. ಇನ್ನೊಂದು, ಕರಿಕಲ್ಲಿನ ಸಾಲು. ಬಿಳಿ ಕಲ್ಲಿನ ನಡುವೆ ಗೆರೆ ಎಳೆದ ಹಾಗೆ ಹೋಗುವ ಈ ಕರಿಕಲ್ಲು ಹಲವು ಕಡೆ ನೆಲದೊಳಗೆ ಬದುವಿನ ಹಾಗೆ ನೀರನ್ನು ತಡೆದು ನಿಲ್ಲಿಸುತ್ತೆ. ಅಂಥ ಕಡೆ ಮೇಲ್ಮಗ್ಗುಲಿನವನಿಗೆ ನೀರು, ಕೆಳಮಗ್ಗುಲಿನವನಿಗೆ ಬರೀ ಪುಡಿ.

ಒಂದೆಕರೆ ಲೆಕ್ಕ

ಒಂದೆಕರೆ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ 20 ಅಂಗುಲದ ಆಸುಪಾಸು ಮಳೆ. ಗಟ್ಟಿ ಕಲ್ಲಿನ ಸೀಮೆಯಲ್ಲಿ ಅದರಲ್ಲಿ ಕೆಳಗೆ ಇಂಗೋದು ಹತ್ತರಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ. ಎರಡು ಅಂಗುಲ, ಅಂದರೆ ಎಕರೆಗೆ ಎರಡು ಲಕ್ಷ ಲೀಟರ್.

ಈಗ ಗಂಟೆಗೆ 5,000 ಲೀಟರ್ ಎತ್ತುವ ಮೋಟಾರನ್ನು ದಿನಕ್ಕೆ ಆರು ಗಂಟೆ ಓಡಿಸಿದರೆ 30,000 ಲೀಟರ್. ಒಂದೆಕರೆಯ ಇಡೀ ವರ್ಷದ ಪಾಲು ಏಳು ದಿನ ತುಂಬೋದರೊಳಗೆ ಮುಗೀತು. ಐದೆಕರೆ ಹೊಲ ಇದ್ದರೆ 33 ದಿನ. ಅದಕ್ಕಿಂತ ಹೆಚ್ಚು ದಿನ ಓಡಿದ ನೀರು ಅಕ್ಕಪಕ್ಕದ ಹೊಲದ್ದು, ಕೆರೆಯದ್ದು, ಇಲ್ಲಾ ಹಿಂದಿನ ವರ್ಷಗಳ ಉಳಿತಾಯ. ಎಲ್ಲರೂ ಹೀಗೇ ಎತ್ತಿದರೆ ಉಳಿತಾಯ ಎಷ್ಟು ದಿನ ಬಂದೀತು?

ಆಳದ ನೀರಿಗೆ ಇನ್ನೊಂದು ತೊಂದರೆ ಇದೆ. ಕಲ್ಲಿನ ಜೊತೆ ಹೆಚ್ಚು ಕಾಲ ನಿಂತ ನೀರಿಗೆ ಗ್ರಾನೈಟ್‌ನಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೂ 1.5 ಮೀರಬಾರದು. ಪಾವಗಡದ ಎಷ್ಟೋ ಊರಲ್ಲಿ ಮಕ್ಕಳ ಹಲ್ಲು ಕಂದಾಗೋದು, ದೊಡ್ಡವರ ಮೂಳೆ ಬಗ್ಗೋದು ಈ ಫ್ಲೋರೈಡಿನಿಂದಲೇ.

ಮಾಡಬೇಕಾದ್ದು

ಹೊಸ ಪಾಯಿಂಟ್ ಮಾಡಿಸೋ ಮುಂಚೆ ಸುತ್ತಲಿನ ನಾಲ್ಕು ಬೋರುಗಳಿಗೆ ಕೇಸಿಂಗ್ ಎಷ್ಟು ಇಳಿಯಿತು, ಗ್ಯಾಪ್ ಎಷ್ಟನೇ ಅಡಿಗೆ ಸಿಕ್ಕಿತು ಅಂತ ಕೇಳಿ ಬರೆದುಕೊಳ್ಳಿ. ಕಾಯಿ, ಕಡ್ಡಿ ಹಿಡಿಯೋರಿಗೆ ಕೊಡೋ ದುಡ್ಡಿಗಿಂತ ಈ ಚೀಟಿ ಮೇಲು. ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳನ್ನೂ ವಿಚಾರಿಸಿ.

ಕೊರೆಯುವಾಗ ಲಾರಿ ಹತ್ತಿರವೇ ನಿಂತು ಪುಡಿ ನೋಡಿ. ಕೆಂಪು, ಕಂದು ಪುಡಿ ಬಂದರೆ ಕೊಳೆತ ಕಲ್ಲು. ಬಂಡೆಯ ನಡುವೆ ಮತ್ತೆ ಕಂದು ಬಂದರೆ ನೀರು ಓಡಾಡಿದ ಬಿರುಕು. ನೂರಾರು ಅಡಿ ಒಂದೇ ಸಮ ಬೂದು ಹಿಟ್ಟು ಬರ್ತಾ ಇದ್ದರೆ ನಿಲ್ಲಿಸೋ ಧೈರ್ಯ ಮಾಡಿ. ಅಡಿ ಲೆಕ್ಕದಲ್ಲಿ ದುಡ್ಡು ಎಣಿಸೋರು ತಾವಾಗಿ ನಿಲ್ಲಿಸೋದಿಲ್ಲ.

ಹಳೇ ಬಾವಿ ಬತ್ತಿದೆ ಅಂತ ಮುಚ್ಚಬೇಡಿ. ಅದು ಗುಡಾಣಕ್ಕೆ ನೇರ ಬಾಯಿ. ಹೊಲದ ನೀರನ್ನು ಮೊದಲು ಒಂದು ಗುಂಡಿಯಲ್ಲಿ ನಿಲ್ಲಿಸಿ, ಗೋಡು ತಂಗಿದ ಮೇಲೆ ಜಲ್ಲಿ, ಮರಳಿನ ಮೂಲಕ ಹಾಯಿಸಿ ಬಾವಿಗೆ ಬಿಡಿ. ಕೊಟ್ಟಿಗೆ ನೀರು, ಔಷಧಿ ಹೊಡೆದ ತೋಟದ ನೀರು ಮಾತ್ರ ಬೇಡ. ಬದು ಕಟ್ಟೋದು, ಕೆರೆ ಹೂಳು ತೆಗೆಯೋದು ಇದಕ್ಕಿಂತ ದೊಡ್ಡ ಕೆಲಸ, ಊರು ಸೇರಿ ಆಗಬೇಕಾದ್ದು. ಮುಂಗಾರಿಗೆ ಮುಂಚೆ ಬಾವಿಯ ಸುತ್ತಲಿನ ಕಾಲುವೆಯನ್ನಾದರೂ ಬಿಡಿಸಿ ಇಟ್ಟುಕೊಳ್ಳಿ.