ಕಿರುನಡುಕಗಳಿಂದ ಮಹಾಕಂಪದ ಅಂದಾಜು

ಇಟಲಿಯ ಲಾಕ್ವಿಲ ನಗರದಲ್ಲಿ 2009ರ ಮೊದಲ ತಿಂಗಳುಗಳಲ್ಲಿ ನೆಲ ಮೇಲಿಂದ ಮೇಲೆ ನಡುಗುತ್ತಿತ್ತು. ನಡುಕಗಳೆಲ್ಲ ಸಣ್ಣವು, ಮಾರ್ಚ್ 30ರಂದು ಬಂದುದು ಮಾತ್ರ ಪ್ರಮಾಣದಲ್ಲಿ 4ನ್ನು ಮೀರಿತು. ಜನರು ಕಳವಳಗೊಂಡರು. ಸಣ್ಣ ನಡುಕಗಳಿಂದ ಭೂಗರ್ಭದ ಶಕ್ತಿ ಹೊರಹೋಗುತ್ತಿದೆ, ಆದುದರಿಂದ ಅಪಾಯವಿಲ್ಲವೆಂದು ಅಧಿಕಾರಿಯೊಬ್ಬರು ಸಮಾಧಾನ ಹೇಳಿದರು. ಈ ಮಾತು ಸರಿಯೆ?

ಕ್ಯಾಲಿಫೋರ್ನಿಯದ ಭೂಕಂಪಗಳನ್ನು ಎಣಿಸಿ ಗುಟೆನ್‌ಬರ್ಗ್ ಮತ್ತು ರಿಕ್ಟರ್ ಎಂಬ ವಿಜ್ಞಾನಿಗಳು 1944ರಲ್ಲಿ ಒಂದು ನಿಯಮವನ್ನು ತೋರಿಸಿಕೊಟ್ಟರು. ಪ್ರಮಾಣ ಒಂದೊಂದು ಅಂಕ ಏರಿದಂತೆ ಕಂಪಗಳ ಸಂಖ್ಯೆ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಒಂದು ಪ್ರದೇಶದಲ್ಲಿ ವರ್ಷಕ್ಕೆ 3ನ್ನು ಮುಟ್ಟುವ ಕಂಪಗಳು ನೂರಾದರೆ, 4ನ್ನು ಮುಟ್ಟುವವು ಹತ್ತು, 5ನ್ನು ಮುಟ್ಟುವುದು ಒಂದು. 6ಕ್ಕೆ ಹತ್ತು ವರ್ಷ, 7ಕ್ಕೆ ನೂರು ವರ್ಷ. ಇವು ಸರಾಸರಿಗಳು ಮಾತ್ರ. ಮಹಾಕಂಪವು ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಆದರೂ ಕೆಲವೇ ವರ್ಷಗಳ ಕಿರುನಡುಕಗಳಿಂದ ಶತಮಾನದ ಅಪಾಯವನ್ನು ಅಂದಾಜು ಮಾಡಬಹುದೆಂಬುದು ಸಣ್ಣ ಸಂಗತಿಯಲ್ಲ.

ಈಗ ಶಕ್ತಿಯ ಲೆಕ್ಕವನ್ನು ನೋಡೋಣ. ಪ್ರಮಾಣ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಮಡಿ ಏರುತ್ತದೆ. ಎರಡು ಅಂಕ ಏರಿದರೆ ಸಾವಿರ ಮಡಿ. 6ರ ಒಂದು ಕಂಪದ ಶಕ್ತಿಯನ್ನು ತೀರಿಸಲು 4ರ ಸಾವಿರ ಕಂಪಗಳು ಬೇಕು; ನಿಸರ್ಗ ಒದಗಿಸುವುದು ನೂರನ್ನು ಮಾತ್ರ. ಅಸಲು ತೀರದ ಈ ಸಾಲದಲ್ಲಿ ಸಮಾಧಾನಕ್ಕೆ ಎಡೆಯೆಲ್ಲಿ?

ಹಾಗಾದರೆ ಅಪಾಯವೆಷ್ಟು? ಕ್ಯಾಲಿಫೋರ್ನಿಯದ ದಾಖಲೆಗಳಂತೆ, ನೂರು ಕಂಪಗಳಲ್ಲಿ ಐದಾರರ ಬೆನ್ನಿಗೆ ಕೆಲವೇ ದಿನಗಳಲ್ಲಿ ಅವುಗಳಿಗಿಂತ ದೊಡ್ಡ ಕಂಪ ಬರುತ್ತದೆ. ದೊಡ್ಡದೆಂದರೆ ತುಸುವೇ ದೊಡ್ಡದಿರಬಹುದು. 4ರ ಬೆನ್ನಿಗೆ 6 ಬರುವ ಸಂಭವ, ಮೇಲಿನ ನಿಯಮದಂತೆ, ಅದರ ನೂರರಲ್ಲೊಂದು ಪಾಲು. ಎಂದರೆ ಹತ್ತು ಸಾವಿರಕ್ಕೆ ಐದಾರು. ನಡುಕಗಳ ಸರಣಿಯೇ ನಡೆದಿದ್ದರೆ ಈ ಅಂಕ ಏರುವುದುಂಟು. ಆದರೂ ಅದು ನೂರಕ್ಕೆ ಒಂದನ್ನು ಮುಟ್ಟುವುದು ಅಪರೂಪ. ಮಾಮೂಲು ದಿನಗಳಿಗಿಂತ ಅಪಾಯ ನೂರಾರು ಪಟ್ಟು ಹೆಚ್ಚಿತೆಂಬುದೂ ನಿಜ, ಹೆಚ್ಚಾಗಿ ಏನೂ ಆಗದೆಂಬುದೂ ನಿಜ. ಇಷ್ಟಕ್ಕೆ ನಗರವನ್ನೇ ತೆರವು ಮಾಡಿಸಲಾಗದು. ಆದರೆ ಹಳೆಯ ಕಲ್ಲುಗೋಡೆಯ ಮನೆಯಲ್ಲಿದ್ದವನು ಒಂದು ರಾತ್ರಿ ಹೊರಗೆ ಕಳೆಯಲು ಇಷ್ಟು ಸಾಕೆಂದು ನಮಗೆ ತೋರುತ್ತದೆ.

ಏಪ್ರಿಲ್ 5ರ ರಾತ್ರಿ ಲಾಕ್ವಿಲ ಮತ್ತೆ ನಡುಗಿತು. ನಡುಕ ಬಂದಾಗ ಮನೆ ಬಿಟ್ಟು ಬಯಲಿಗೆ ಬರುವುದು ಆ ಊರಿನ ಹಳೆಯ ರೂಢಿ. ಕೆಲವರು ಹಾಗೆಯೇ ಮಾಡಿದರು. ಸಮಾಧಾನದ ಮಾತನ್ನು ನಂಬಿದ ಕೆಲವರು ಒಳಗೇ ಉಳಿದರು. ಮರುದಿನ ನಸುಕಿನಲ್ಲಿ 6.3 ಪ್ರಮಾಣದ ಕಂಪವಾಗಿ 300ಕ್ಕೂ ಹೆಚ್ಚು ಜನ ಮಡಿದರು. 2012ರಲ್ಲಿ ನ್ಯಾಯಾಲಯವು ಆರು ಮಂದಿ ತಜ್ಞರಿಗೂ ಆ ಅಧಿಕಾರಿಗೂ ಶಿಕ್ಷೆ ವಿಧಿಸಿತು. 2014ರಲ್ಲಿ ಮೇಲ್ಮನವಿಯ ತೀರ್ಪಿನಿಂದ ತಜ್ಞರು ಬಿಡುಗಡೆ ಹೊಂದಿದರು. ಅಧಿಕಾರಿಯ ಶಿಕ್ಷೆ ಇಳಿಯಿತು, ರದ್ದಾಗಲಿಲ್ಲ.