ಒಂದು ಕೈಯವರೂ ಆಡುವ ವಿಡಿಯೋ ಗೇಮು

ಕೃಷಿ ಮತ್ತು ಆರೋಗ್ಯದ ಈ ಪುಟದಲ್ಲಿ ವಿಡಿಯೋ ಗೇಮಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ನಮ್ಮ ಹೊಲ, ಕೊಟ್ಟಿಗೆ, ಮಗ್ಗದ ಮನೆಗಳಲ್ಲೇ ಇದೆ. ಕಬ್ಬಿನ ಗಾಣಕ್ಕೆ ಜಲ್ಲೆ ಕೊಡುವಾಗ ಬೆರಳು ಕಳೆದುಕೊಂಡವರನ್ನು ಕೊಲ್ಹಾಪುರದ ಸುತ್ತಿನ ಹಳ್ಳಿಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಕಣಿಕೆ ಕತ್ತರಿಸುವ ಯಂತ್ರ, ಮರಾಠಿಯಲ್ಲಿ ಕಡಬಾ-ಕುಟ್ಟಿ ಎನ್ನುತ್ತಾರಲ್ಲ, ಅದಕ್ಕೆ ಮುಂಗೈ ಕೊಟ್ಟವರು ಗಡಹಿಂಗ್ಲಜ ಕಡೆಯಲ್ಲೂ ಇದ್ದಾರೆ. ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ನಿಂತು ಕಿವಿ ಮಂದವಾದವರಂತೂ ಓಣಿಗೊಬ್ಬರು. ಇವರ ಮನೆಗಳಲ್ಲಿ ಮಕ್ಕಳಿದ್ದಾರೆ, ಮೊಬೈಲು ಇದೆ, ಮೊಬೈಲಿನಲ್ಲಿ ಆಟ ಇದೆ. ಊರಿನ ಹುಡುಗರೆಲ್ಲ ಕಟ್ಟೆಯ ಮೇಲೆ ಕೂತು ಒಂದೇ ಆಟ ಆಡುವಾಗ, ಕೈ ಇಲ್ಲದ ಅಥವಾ ಕಣ್ಣು ಕಾಣದ ಹುಡುಗನೊಬ್ಬ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾನೆ. ಆ ಹುಡುಗನ ಸಲುವಾಗಿ ಈ ಲೇಖನ.

ಮೊಬೈಲು ಮಕ್ಕಳ ಕೈಯಿಂದ ಬಿಡಿಸಿರಿ ಎಂದು ಹೇಳುವ ಲೇಖನಗಳು ಬೇಕಾದಷ್ಟು ಬಂದಿವೆ, ಇನ್ನೂ ಬರಲಿ. ಹಣ ಕಟ್ಟಿ ಆಡುವ ಆಟಗಳನ್ನು ಕೇಂದ್ರ ಸರ್ಕಾರವೇ 2025ರ ಕಾನೂನಿನಿಂದ ನಿಷೇಧಿಸಿದೆ, ಅದರ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೆ ಜೊತೆಗಾರರೊಡನೆ ಆಡುವ ಸಾಮಾನ್ಯ ಆಟದಿಂದ ಒಂದು ಮಗು ಹೊರಗುಳಿದರೆ ಅದೂ ಆರೋಗ್ಯದ ವಿಷಯವೇ. ದೇಹಕ್ಕೆ ಔಷಧಿ ಕೊಡಬಹುದು, ಒಂಟಿತನಕ್ಕೆ ಯಾವ ಅಂಗಡಿಯಲ್ಲಿ ಗುಳಿಗೆ ತರುವುದು?

ನಮ್ಮ ಹಿರಿಯರ ಆಟಗಳನ್ನು ನೆನೆಯಿರಿ. ಚೌಕಾಬಾರದಲ್ಲಿ ಒಬ್ಬರ ಕಾಯಿ ಹುಣಸೆ ಬೀಜ, ಇನ್ನೊಬ್ಬರದು ಬಳೆಚೂರು, ಮತ್ತೊಬ್ಬರದು ಬೆಣಚುಕಲ್ಲು. ಬಣ್ಣ ಗೊತ್ತಾಗದವರಿಗೂ ಕಾಯಿ ಯಾರದೆಂದು ಗೊತ್ತಾಗುತ್ತಿತ್ತು. ಕವಡೆ ಅಂಗಾತ ಬಿದ್ದಿದೆಯೋ ಬೋರಲು ಬಿದ್ದಿದೆಯೋ ಎಂದು ಕಣ್ಣಿಲ್ಲದ ಅಜ್ಜಿಯೂ ಬೆರಳಾಡಿಸಿ ಹೇಳಬಹುದು. ಅಳಗುಳಿಮಣೆಯಂತೂ ಕತ್ತಲಲ್ಲೂ ಆಡುವ ಆಟ, ಕುಳಿಯೊಳಗಿನ ಬೀಜ ಎಣಿಸಲು ಕೈ ಸಾಕು. ಅದೇ ಆಟ ಮೊಬೈಲಿನ ಲೂಡೋ ಆದಾಗ ನಾಲ್ಕು ಕಾಯಿಗಳೂ ಒಂದೇ ಆಕಾರದವು. ಕೆಂಪು, ಹಸಿರು, ಹಳದಿ, ನೀಲಿ ಎಂಬ ಬಣ್ಣವಷ್ಟೇ ಗುರುತು. ಗಾಜಿನ ಮೇಲೆ ಬೆರಳಾಡಿಸಿದರೆ ಎಲ್ಲವೂ ನುಣುಪು. ಕಂಪನಿಗಳು ಈಗ ಸೌಕರ್ಯ ಎಂದು ಸೇರಿಸುತ್ತಿರುವುದರಲ್ಲಿ ಎಷ್ಟೋ ಭಾಗ ಹುಣಸೆ ಬೀಜದ ಬುದ್ಧಿಯೇ.

ಇಂಗ್ಲಿಷಿನಲ್ಲಿ ಆಕ್ಸೆಸಿಬಿಲಿಟಿ ಎನ್ನುವ ಈ ಸೌಕರ್ಯ ಎಂದರೇನು? ಕೊಲ್ಹಾಪುರದವರಿಗೆ ಇದನ್ನು ವಿವರಿಸುವುದು ಸುಲಭ. ಹದಿಹರೆಯದಲ್ಲೇ ಕಾಲಿನ ಸ್ವಾಧೀನ ತಪ್ಪಿ ಗಾಲಿಕುರ್ಚಿ ಹಿಡಿದ ನಸೀಮಾ ಹುರ್ಜೂಕ್ ಅವರು 1984ರಲ್ಲಿ ಅಲ್ಲಿ ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್ ಸಂಸ್ಥೆ ಕಟ್ಟಿದರು. ಗಾಲಿಕುರ್ಚಿಯವರಿಗೆ ಮೆಟ್ಟಿಲಿನ ಬದಲು ಇಳಿಜಾರು ಬೇಕು, ದೀಪದ ಗುಂಡಿ ಕೂತವರ ಕೈಗೆ ಸಿಗುವ ಎತ್ತರದಲ್ಲಿ ಬೇಕು. ಮನುಷ್ಯನನ್ನು ಬದಲಿಸಲಾಗದಿದ್ದರೆ ಮೆಟ್ಟಿಲನ್ನು ಬದಲಿಸಬೇಕು. ವಿಡಿಯೋ ಗೇಮಿನೊಳಗೂ ಮೆಟ್ಟಿಲುಗಳಿವೆ, ಅವು ಎಲ್ಲರ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಮೊದಲು ಕೈಯ ವಿಚಾರ. ಟಿವಿಗೆ ಜೋಡಿಸಿ ಆಡುವ ಗೇಮಿನ ಹಿಡಿಕೆಯಲ್ಲಿ ಎರಡು ಹೆಬ್ಬೆರಳಿಗೆ ಎರಡು ಕೋಲು, ಉಳಿದ ಬೆರಳುಗಳಿಗೆ ಹತ್ತಕ್ಕೂ ಹೆಚ್ಚು ಗುಂಡಿ. ಹತ್ತು ಬೆರಳೂ ಗಟ್ಟಿ ಇದ್ದವರಿಗೇ ಅದು. ಹಾಗಾದರೆ ಉಪಾಯ? ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂದು ಆಡುವವನೇ ಬದಲಿಸಿಕೊಳ್ಳುವುದು ಒಂದು. ಒತ್ತಿ ಹಿಡಿದೇ ಇರಬೇಕಾದ ಗುಂಡಿಯನ್ನು ಒಮ್ಮೆ ತಟ್ಟಿದರೆ ಸಾಕೆಂದು ಮಾಡಿಕೊಳ್ಳುವುದು ಇನ್ನೊಂದು. 2018ರಲ್ಲಿ ಬಂದ ಸೆಲೆಸ್ಟ್ ಎಂಬ ಗೇಮಿನಲ್ಲಿ ಆಟದ ವೇಗವನ್ನೇ ಅರ್ಧದವರೆಗೆ ಇಳಿಸಬಹುದು. ಕೈ ನಡುಗುವವರಿಗೆ, ನಿಧಾನದವರಿಗೆ ಅದರಿಂದ ಎಷ್ಟು ಸಮಾಧಾನ ನೋಡಿರಿ. ಅದೇ 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಂಬ ಸಾಧನ ಹೊರತಂದಿತು. ಚಪ್ಪಟೆ ಹಲಗೆಯಂಥದು, ಮೇಲೆ ಅಂಗೈಯಗಲದ ಎರಡು ದೊಡ್ಡ ಗುಂಡಿ, ಹಿಂದೆ ಸಾಲಾಗಿ 19 ತೂತು. ಆ ತೂತುಗಳಿಗೆ ಕಾಲಲ್ಲಿ ಒತ್ತುವ ಗುಂಡಿ, ಮೊಣಕೈಯಿಂದ ತಟ್ಟುವ ಗುಂಡಿ, ಹೀಗೆ ಯಾವುದನ್ನು ಬೇಕಾದರೂ ಸಿಕ್ಕಿಸಿಕೊಳ್ಳಬಹುದು. ಸೋನಿ ಕಂಪನಿ ತನ್ನ ಆಕ್ಸೆಸ್ ಎಂಬ ದುಂಡು ಹಿಡಿಕೆಯನ್ನು 2023ರ ಡಿಸೆಂಬರಿನಲ್ಲಿ ತಂದಿತು. ಇವು ತೀರ ಹೊಸ ಯೋಚನೆಯಲ್ಲ. 1989ರಷ್ಟು ಹಿಂದೆಯೇ ನಿಂಟೆಂಡೊ ಕಂಪನಿಯವರು ಕೈಯೇ ಇಲ್ಲದವರು ಗದ್ದದಿಂದ ಕೋಲು ಆಡಿಸಿ, ಕೊಳವೆಯಲ್ಲಿ ಉಸಿರೂದಿ, ಉಸಿರೆಳೆದು ಆಡುವ ಸಾಧನ ಮಾಡಿದ್ದರು. ಬೆಲೆಯ ಮಾತು ಬಂದರೆ ಇವೆಲ್ಲ ನಮ್ಮ ಕೂಲಿಯವರಿಗೆ ದೂರದ ಮಾತೇ. ಆದರೆ ಗುಂಡಿ ಬದಲಿಸುವ, ವೇಗ ಇಳಿಸುವ ಸೌಕರ್ಯ ಗೇಮಿನೊಳಗೇ ಇದ್ದರೆ ಅದಕ್ಕೆ ಬಿಡಿಗಾಸೂ ಬೇಡ. ಆಟದ ಸೆಟ್ಟಿಂಗ್ಸ್ ತೆಗೆದು ಹುಡುಕುವ ತಾಳ್ಮೆ ಬೇಕು, ಅದನ್ನು ಮನೆಯ ಹಿರಿಯರು ಮಾಡಲಿ.

ಇನ್ನು ಕಣ್ಣು. ಕಣ್ಣು ಕಾಣದವರು ವಿಡಿಯೋ ಗೇಮ್ ಆಡುತ್ತಾರೆಂದರೆ ನಂಬುವುದು ಕಷ್ಟ. ಆದರೆ ಅಂಧರ ಕ್ರಿಕೆಟ್ಟನ್ನು ನಾವು ನಂಬಿದ್ದೇವಲ್ಲ? ಅಲ್ಲಿ ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಲೋಹದ ಗುಂಡುಗಳಿದ್ದು ಝಲಝಲ ಎನ್ನುತ್ತದೆ. ಕೈ ಕೆಳಗಿನಿಂದ ನೆಲಕ್ಕೆ ತಾಗಿಸಿ ಎಸೆಯುತ್ತಾರೆ, ಎಸೆಯುವ ಮುಂಚೆ ಬ್ಯಾಟಿನವನನ್ನು ಸಿದ್ಧನೋ ಎಂದು ಕೇಳುತ್ತಾರೆ. ಪೂರ್ತಿ ಕಾಣದವನು ಹೊಡೆದ ಓಟಕ್ಕೆ ಎರಡು ಪಟ್ಟು ಲೆಕ್ಕ. ಬೆಂಗಳೂರಿನ ಸಮರ್ಥನಂ ಸಂಸ್ಥೆ ಈ ಆಟವನ್ನು ನಮ್ಮ ನಾಡಿನಲ್ಲಿ ಬೆಳೆಸಿತು. ಅಂಧರ ಟಿ-20 ವಿಶ್ವಕಪ್ಪನ್ನು ಭಾರತ 2012, 2017 ಮತ್ತು 2022ರಲ್ಲಿ ಬೆಂಗಳೂರಿನಲ್ಲೇ ಗೆದ್ದಿತು. 2025ರ ನವೆಂಬರಿನಲ್ಲಿ ಕೊಲಂಬೋದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ಪನ್ನು ಗೆದ್ದ ತಂಡದ ನಾಯಕಿ ನಮ್ಮ ಕರ್ನಾಟಕದ ದೀಪಿಕಾ ಟಿ.ಸಿ. ಚೆಂಡಿಗೆ ದನಿ ಕೊಟ್ಟರು, ನಿಯಮ ತುಸು ತಿದ್ದಿದರು. ಆಟ ಆಟವಾಗಿಯೇ ಉಳಿಯಿತು.

ವಿಡಿಯೋ ಗೇಮಿನಲ್ಲೂ ಮಾಡಿದ್ದು ಇದನ್ನೇ. 1997ರಲ್ಲಿ ಜಪಾನಿನ ಕೆಂಜಿ ಎನೊ ಎಂಬವರು ಪರದೆಯ ಮೇಲೆ ಚಿತ್ರವೇ ಇಲ್ಲದ, ಬರೀ ಕೇಳಿ ಆಡುವ ಗೇಮೊಂದನ್ನು ಹೊರತಂದರು. ಅವರ ಆಟಗಳನ್ನು ಅಂಧರೂ ಆಡುತ್ತಿದ್ದಾರೆಂದು ತಿಳಿದದ್ದೇ ಅದಕ್ಕೆ ಪ್ರೇರಣೆ. 2020ರ ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗದಲ್ಲಿ ಅರವತ್ತಕ್ಕೂ ಹೆಚ್ಚು ಇಂಥ ಸೌಕರ್ಯಗಳಿದ್ದವು. ಏನೂ ಕಾಣದವರು ಸಹ ಅದನ್ನು ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಬಹುದು. (ಆ ಆಟ ತುಂಬ ರಕ್ತಪಾತದ್ದು, ಮಕ್ಕಳಿಗೆ ಖಂಡಿತ ಬೇಡ. ಒಳ್ಳೆಯ ಉಪಾಯವೊಂದು ಕೆಟ್ಟ ಕಥೆಯೊಳಗೆ ಸಿಕ್ಕಿಕೊಂಡಿತಲ್ಲ ಎಂದು ನಮಗೆ ಅನಿಸುತ್ತದೆ.) 2023ರ ಫೋರ್ಜಾ ಮೋಟಾರ್‌ಸ್ಪೋರ್ಟ್ ಎಂಬ ಕಾರಿನ ಆಟದಲ್ಲಿ ರಸ್ತೆಯ ಅಂಚು, ಮುಂದಿನ ತಿರುವು, ಗೇರು ಬದಲಿಸುವ ಹೊತ್ತು ಎಲ್ಲಕ್ಕೂ ಬೇರೆಬೇರೆ ಸದ್ದಿದೆ. ಇದನ್ನು ರೂಪಿಸಲು ನೆರವಾದವರು ಬ್ರ್ಯಾಂಡನ್ ಕೋಲ್ ಎಂಬ ಅಂಧ ಆಟಗಾರರು, 2024ರಲ್ಲಿ ತೀರಿಕೊಂಡರು.

ನಮ್ಮ ಕೈಯ ಮೊಬೈಲಿಗೆ ಬರೋಣ. ಅದರಲ್ಲಿ ಟಾಕ್‌ಬ್ಯಾಕ್ ಎಂಬ ಓದುಗ ಇದೆ, ಕನ್ನಡದಲ್ಲೂ ಓದುತ್ತದೆ. ಆದರೆ ಎಷ್ಟೋ ಗೇಮುಗಳಲ್ಲಿ ಅದು ಮೂಕವಾಗುತ್ತದೆ. ಏಕೆಂದರೆ ಗೇಮು ಇಡೀ ಪರದೆಯನ್ನು ಒಂದೇ ಚಿತ್ರವಾಗಿ ಬರೆಯುತ್ತದೆ, ಓದುಗನಿಗೆ ಅಲ್ಲಿ ಅಕ್ಷರವೂ ಸಿಗುವುದಿಲ್ಲ, ಗುಂಡಿಯ ಹೆಸರೂ ಸಿಗುವುದಿಲ್ಲ. ತಪ್ಪು ಮೊಬೈಲಿನದಲ್ಲ, ಮಗುವಿನದಂತೂ ಅಲ್ಲ. ಹಾಗಾಗಿ ಅಂಧ ಮಗುವಿಗೆ ಕೇಳಿ ಆಡುವ ಆಟಗಳೆಂದೇ ತಯಾರಾದವನ್ನು ಹುಡುಕಿ ಹಾಕಿಕೊಡಿರಿ.

ಬಣ್ಣಗುರುಡಿನ ವಿಷಯ ಬೇರೆ. ಅದು ಇದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಕೆಂಪು ಮತ್ತು ಹಸಿರು ಬೇರೆಯಾಗಿ ಕಾಣದ ಈ ತೊಂದರೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ತಾಯಿಗೆ ಏನೂ ಆಗಿರುವುದಿಲ್ಲ, ಆಕೆಯ ತಂದೆಗೋ ಅಣ್ಣತಮ್ಮಂದಿರಿಗೋ ಇದ್ದಿರಬಹುದು. ಗಡಹಿಂಗ್ಲಜದ ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿ ಆರಿಸುವಾಗ ಅರೆಗೆಂಪನ್ನು ಪೂರಾ ಕೆಂಪಿನೊಡನೆ ಬೆರೆಸಿ ಬೈಸಿಕೊಳ್ಳುವ ಹುಡುಗ, ಇಚಲಕರಂಜಿಯಲ್ಲಿ ನೂಲಿನ ಬಣ್ಣ ತಪ್ಪು ಹೇಳುವ ಹುಡುಗ ಮೈಗಳ್ಳನೇ ಆಗಿರಬೇಕೆಂದಿಲ್ಲ. ಲೂಡೋದಲ್ಲಿ ಮತ್ತೆಮತ್ತೆ ಬೇರೆಯವರ ಕಾಯಿ ನಡೆಸುವ ಮಗುವನ್ನು ಬೈಯುವ ಮುಂಚೆ ಕಣ್ಣಿನ ವೈದ್ಯರಲ್ಲಿಗೆ ಒಯ್ಯಿರಿ. ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪರೀಕ್ಷೆ ಸುಲಭವಾದದ್ದು. ಹುಟ್ಟಿನಿಂದ ಬಂದದ್ದಕ್ಕೆ ಔಷಧಿಯಿಲ್ಲ. ಆದರೆ ಮೊಬೈಲಿನ ಆಕ್ಸೆಸಿಬಿಲಿಟಿ ಎಂಬ ಸಾಲಿನಲ್ಲಿ ಬಣ್ಣ ತಿದ್ದುವ ಸೌಕರ್ಯವಿದೆ, ಕೆಲವು ಗೇಮುಗಳಲ್ಲಿ ಬಣ್ಣದ ಜೊತೆ ಆಕಾರದ ಗುರುತೂ ಇರುತ್ತದೆ.

ಕಿವಿಯ ಮಾತು. ಇಚಲಕರಂಜಿಗೆ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ ಎನ್ನುತ್ತಾರೆ. ಅಂದಿನಿಂದ ಆ ಊರಿನ ಸಂಗೀತವೇ ಖಟಖಟ. ಎಂಟು ತಾಸಿಗೆ 90 ಡೆಸಿಬೆಲ್ ಎಂಬ ಮಿತಿಯನ್ನು ಮಗ್ಗದ ಶೆಡ್ಡಿನ ಸದ್ದು ಸಾಮಾನ್ಯವಾಗಿ ದಾಟುತ್ತದೆ. ಮೊದಲು ಹೋಗುವುದು ಸಣ್ಣ ದನಿ, ಹಕ್ಕಿಯ ಕೂಗು, ಮಕ್ಕಳ ಮಾತು. ಹೋದ ಕಿವಿ ತಿರುಗಿ ಬರುವುದಿಲ್ಲ, ಆದ್ದರಿಂದ ಕಿವಿಗೆ ಬೆಣೆ ಹಾಕಿ ನಿಲ್ಲಿರೆಂದು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕಿವಿ ಮಂದವಾದ ತಂದೆ ಮಗನೊಡನೆ ಗೇಮು ಆಡಬೇಕಾದರೆ ಮಾತು ಅಕ್ಷರವಾಗಿ ಕೆಳಗೆ ಮೂಡಬೇಕು, ಹಿಂದಿನಿಂದ ಬರುವ ಸದ್ದು ಪರದೆಯ ಅಂಚಿನಲ್ಲಿ ಬಾಣವಾಗಿ ಕಾಣಬೇಕು, ಕೈಯಲ್ಲಿ ಕಂಪನವಾಗಬೇಕು. ಹಲವು ಗೇಮುಗಳಲ್ಲಿ ಇವು ಇವೆ. ಆದರೆ ಅಕ್ಷರ ಸಾಸಿವೆಯಷ್ಟು ಚಿಕ್ಕದು, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡದ ತಂದೆಗೆ ಇದರಿಂದ ಏನು ಬಂತು ಎಂದು ಯಾರಾದರೂ ಆ ಕಂಪನಿಗಳನ್ನು ಕೇಳಬೇಕು.

ಇಷ್ಟು ಹೇಳಿ ಮೂರ್ಛೆರೋಗದ ಮಾತು ಬಿಟ್ಟರೆ ಈ ಪುಟದ ಕೆಲಸ ಅರ್ಧವಾದಂತೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಬೇಗಬೇಗ ಮಿಂಚಿತು. ಅದನ್ನು ನೋಡುತ್ತಿದ್ದವರಲ್ಲಿ ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು, ಬಹುತೇಕ ಮಕ್ಕಳೇ. ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಇಂಥ ಮಿಂಚುವ ಬೆಳಕು ಫಿಟ್ಸ್ ತರಿಸುತ್ತದೆ, ಹದಿಹರೆಯದವರಲ್ಲಿ ಹೆಚ್ಚು. ಗೇಮಿನಲ್ಲಿ ಮಿಂಚು ಕಡಿಮೆ ಮಾಡುವ ಸೌಕರ್ಯವಿದ್ದರೆ ಅದನ್ನು ಮೊದಲು ಹಾಕಿರಿ. ಕತ್ತಲೆ ಕೋಣೆಯಲ್ಲಿ ಆಡಬಾರದು, ಪರದೆಗೆ ಮುಖ ಹಚ್ಚಿ ಕೂಡಬಾರದು, ನಿದ್ದೆಗೆಟ್ಟು ಆಡಬಾರದು. ಮಿಂಚು ಶುರುವಾದರೆ ಕಣ್ಣು ಮುಚ್ಚುವುದಕ್ಕಿಂತ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಬೇರೆ ಕಡೆ ತಿರುಗುವುದು ಮೇಲು.

ಫಿಟ್ಸ್ ಬಂದೇ ಬಿಟ್ಟರೆ ಉಳ್ಳಾಗಡ್ಡಿ ಮೂಸಿಸಬೇಡಿರಿ, ಚಪ್ಪಲಿ ಹಿಡಿಯಬೇಡಿರಿ, ಕೈಗೆ ಕೀಲಿಗೊಂಚಲು ಕೊಡಬೇಡಿರಿ, ಬಾಯಲ್ಲಿ ಚಮಚ ತುರುಕಬೇಡಿರಿ. ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ನಡುಕ ನಿಂತ ಮೇಲೆ ಮಗ್ಗುಲಾಗಿ ಮಲಗಿಸಿರಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ತಡಮಾಡದೆ ದವಾಖಾನೆಗೆ. ವೈದ್ಯರು ಕೊಟ್ಟ ಗುಳಿಗೆಯನ್ನು ನಾವೇ ನಿಲ್ಲಿಸುವಂತಿಲ್ಲ.

ಕಾನೂನಿನದು ಒಂದೆರಡು ಮಾತು. ಅಮೆರಿಕದ 2010ರ ಕಾನೂನಿನಿಂದ ಗೇಮುಗಳಿಗೆ ಕೊಟ್ಟಿದ್ದ ವಿನಾಯಿತಿ 2018ರ ಕೊನೆಗೆ ಮುಗಿಯಿತು. ಅಂದಿನಿಂದ ಹೊಸ ಗೇಮಿನೊಳಗಿನ ಮಾತುಕತೆಯ ಸೌಕರ್ಯ ಅಂಗವಿಕಲರಿಗೂ ಎಟುಕುವಂತಿರಬೇಕು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸಿದೆ. ಆಸಿಡ್ ದಾಳಿಗೆ ಒಳಗಾದವರು ಕಣ್ಣು ಮಿಟುಕಿಸಲಾಗದೆ ಬ್ಯಾಂಕಿನ ಕೆವೈಸಿಯಿಂದ ಹೊರಗುಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು, ಡಿಜಿಟಲ್ ಸೌಲಭ್ಯ ಎಟುಕುವುದು ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಕೆವೈಸಿ ಆಟವಲ್ಲ, ನಿಜ. ಆದರೆ ಮೊಬೈಲಿನ ಆಟದಲ್ಲಿ ಟಾಕ್‌ಬ್ಯಾಕ್ ಕಲಿತ ಹುಡುಗನೇ ನಾಳೆ ತಂದೆಯ ಬ್ಯಾಂಕಿನ ಕೆಲಸವನ್ನೂ ತಾನೇ ಮಾಡಿಕೊಡುತ್ತಾನೆ.

ಗಾಣದಲ್ಲಿ ಕೈ ಹೋದವರು, ಮಗ್ಗದಲ್ಲಿ ಕಿವಿ ಹೋದವರು ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸದೆ ಕೂತಿರುವುದನ್ನು ನಾವು ಬಹಳ ಕಡೆ ನೋಡುತ್ತೇವೆ. ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟವಾಗಿದ್ದರೂ ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಆಧಾರ್ ಕಾರ್ಡು, ಒಂದು ಫೋಟೋ, ಇದ್ದರೆ ಹಳೆಯ ಆಸ್ಪತ್ರೆ ಕಾಗದ ತೆಗೆದುಕೊಂಡು ಹೋಗಿರಿ. ಜೊತೆಗೆ ಬರೆಯಬಲ್ಲ ಹುಡುಗನೊಬ್ಬನನ್ನು ಕರೆದೊಯ್ಯಿರಿ.