ಕ್ರೈಸ್ತರಿಗೆ ದತ್ತಕದ ಅವಕಾಶವುಂಟೆ?

ಧರ್ಮದ ಅಡ್ಡಿಯೇನೂ ಇಲ್ಲ. ರೋಮನ್ನರ ದತ್ತಕಪದ್ಧತಿಯನ್ನು ಬಲ್ಲವನಾಗಿದ್ದ ಸಂತ ಪೌಲನು, ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ, ವಿಶ್ವಾಸಿಗಳು ದೇವರ ದತ್ತುಮಕ್ಕಳಾಗಿ ಆತನ ಬಾಧ್ಯತೆಗೆ ಅರ್ಹರಾದರೆಂದೇ ನಿರೂಪಿಸಿರುವನು. ಅಡ್ಡಿಯಿದ್ದುದು ನಮ್ಮ ದೇಶದ ಕಾನೂನಿನಲ್ಲಿ. 1956ರ ಹಿಂದೂ ದತ್ತಕ ಅಧಿನಿಯಮವು ಕ್ರೈಸ್ತರಿಗೆ ಅನ್ವಯಿಸದ ಕಾರಣ, ಅನಾಥ ಶಿಶುವನ್ನು ಮನೆಗೆ ತಂದು ಹೆತ್ತವರಂತೆಯೇ ಸಲಹಿದ ದಂಪತಿಗಳೂ ಸಾಮಾನ್ಯವಾಗಿ 1890ರ ಪಾಲಕತ್ವದ ಕಾಯಿದೆಯ ಮೇರೆಗೆ, ಮಗುವು ಪ್ರಾಪ್ತವಯಸ್ಕವಾಗುವ ಪರ್ಯಂತ ಕೇವಲ ಪಾಲಕರೆನಿಸಿಕೊಳ್ಳುತ್ತಿದ್ದರೇ ಹೊರತು ತಂದೆತಾಯಿಗಳೆನಿಸುತ್ತಿರಲಿಲ್ಲ. ಆಸ್ತಿಯನ್ನು ಮಗುವಿಗೆ ಬಿಡಲು ಮರಣಶಾಸನವನ್ನೇ ನೆಚ್ಚಬೇಕಾಗಿತ್ತು. ತೊಟ್ಟಿಲು ತೂಗಿದ ಕೈಗೆ ತಾಯಿಯ ಹೆಸರನ್ನು ನಿರಾಕರಿಸಿದ ಈ ವ್ಯವಸ್ಥೆ ನನಗಂತೂ ನ್ಯಾಯವೆನಿಸದು. ಬಾಲನ್ಯಾಯ ಅಧಿನಿಯಮವೂ ಅದಕ್ಕಾದ 2006ರ ತಿದ್ದುಪಡಿಯೂ ದಾರಿ ತೆರೆದವು. ಆ ಅಧಿನಿಯಮದಡಿ ಯಾವ ಮತದವರೂ ದತ್ತು ಪಡೆಯಬಹುದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು.